ಸಹಾಯ ಬೇಕು: ಬಿ450 ಮದರ್‌ಬೋರ್ಡಿಗೆ ಮೊದಲು ಹೊಸ ಪ್ರೊಸೆಸರೋ, ಗ್ರಾಫಿಕ್ಸ್ ಕಾರ್ಡೋ?

ಈಗಿರೋದು ರೈಜೆನ್ 5 2600 ಪ್ರೊಸೆಸರ್, ಜಿಟಿಎಕ್ಸ್ 1060 6 ಜಿಬಿ ಗ್ರಾಫಿಕ್ಸ್ ಕಾರ್ಡ್, 8 ಜಿಬಿ ಡಿಡಿಆರ್4 ರ್‍ಯಾಮ್ ಒಂದೇ ಸ್ಟಿಕ್, 450 ವ್ಯಾಟ್ ಪವರ್ ಸಪ್ಲೈ. ಮಾನಿಟರ್ 1080ಪಿ, 144 ಹರ್ಟ್ಜ್.

ವ್ಯಾಲರಂಟ್ ಗೇಮ್‌ನಲ್ಲಿ ಕಾರ್ಡ್ ಬಳಕೆ 60% ದಾಟಲ್ಲ, ಸೆಟ್ಟಿಂಗ್ ಇಳಿಸಿದ್ರೂ ಎಫ್‌ಪಿಎಸ್ (ಸೆಕೆಂಡಿಗೆ ಬರೋ ಫ್ರೇಮ್‌ಗಳು) ಏರಲ್ಲ. ಅಂದ್ರೆ ಅಡ್ಡಗಾಲು ಪ್ರೊಸೆಸರ್‌ದೇ. ಸೈಬರ್‌ಪಂಕ್ 2077ರಲ್ಲಿ ಉಲ್ಟಾ, ಕಾರ್ಡ್ 99%.

ಇನ್ನೊಂದು 8 ಜಿಬಿ ಹಾಕಿ ಡ್ಯುಯಲ್ ಚಾನೆಲ್ (ಎರಡೂ ಸ್ಟಿಕ್ ಒಟ್ಟಿಗೆ ಕೆಲಸ ಮಾಡೋ ಹಾಗೆ) ಮಾಡೋದಂತೂ ಖಚಿತ. ಹೊಸ ಪ್ರೊಸೆಸರ್ ರೈಜೆನ್ 5 5600 ಆದ್ರೆ ಬೋರ್ಡ್ ಬದಲಿಸಬೇಕಿಲ್ಲ, ಆದ್ರೆ ಹಳೇ ಪ್ರೊಸೆಸರ್ ಇರುವಾಗಲೇ ಬಯಾಸ್ (ಬೋರ್ಡಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡ್ಬೇಕು, ಇಲ್ಲಾಂದ್ರೆ ಡಿಸ್‌ಪ್ಲೇನೇ ಬರಲ್ಲ. ಹೊಸ ಕಾರ್ಡ್ ಆರ್‌ಎಕ್ಸ್ 6600 ಆದ್ರೆ ಅದು ಎಳೆಯೋದು 132 ವ್ಯಾಟ್, ಪವರ್ ಸಪ್ಲೈ ತಡೆಯುತ್ತೆ. ಅನುಮಾನ ಇರೋದು ಇಲ್ಲಿ: ಅದು 8 ಲೇನ್ (ಡೇಟಾ ಹೋಗೋ ದಾರಿ) ಮಾತ್ರ ಇರೋ ಕಾರ್ಡ್, ಈ ಬೋರ್ಡಿನ ಕಾರ್ಡ್ ಸ್ಲಾಟ್ ಹಳೇ, ನಿಧಾನದ ಪಿಸಿಐಇ 3.0. ವಿಡಿಯೊ ಮೆಮೊರಿ ತುಂಬಿದಾಗ ಎಷ್ಟು ಸ್ಟಟರ್ (ಆಟ ತಡೆತಡೆದು ಓಡೋದು) ಆಗುತ್ತೆ? ಬಿ450 ಜೊತೆ ಆರ್‌ಎಕ್ಸ್ 6600 ಬಳಸ್ತಿರೋರು ದಯವಿಟ್ಟು ತಿಳಿಸಿ.