ಇತಿಹಾಸದ ಪಾಠದಲ್ಲೇ ಬರವಣಿಗೆಯನ್ನೂ ಕಲಿಸುವುದು ಹೇಗೆ?

ಪ್ರಶ್ನೆ (ಶಿಕ್ಷಕಿ, ತುಮಕೂರು ಜಿಲ್ಲೆ)

ನಮ್ಮದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಆರನೆಯ ತರಗತಿಗೆ ಕನ್ನಡವನ್ನೂ ಸಮಾಜ ವಿಜ್ಞಾನವನ್ನೂ ನಾನೇ ತೆಗೆದುಕೊಳ್ಳುತ್ತೇನೆ. ಸಮಾಜ ವಿಜ್ಞಾನದ ನೋಟ್ಸ್ ತಿದ್ದಲು ಕುಳಿತರೆ ಎಲ್ಲ ಮಕ್ಕಳದೂ ಒಂದೇ ಉತ್ತರ, ಅದೂ ಕಪ್ಪುಹಲಗೆಯ ಮೇಲೆ ನಾನೇ ಬರೆದದ್ದು. ಕನ್ನಡದ ಅವಧಿಯಲ್ಲಿ ಪ್ರಬಂಧ ಬರೆಯಲು ಹೇಳಿದರೆ ಗೈಡಿನ ವಾಕ್ಯಗಳು ಬರುತ್ತವೆ. ಮಕ್ಕಳು ದಿನವಿಡೀ ಬರೆಯುತ್ತಾರೆ, ಆದರೆ ತಾವೇ ಯೋಚಿಸಿದ್ದನ್ನು ಎಲ್ಲಿಯೂ ಬರೆಯುವುದಿಲ್ಲ. ಹಳೆಯ ಅರಸುಮನೆತನಗಳ ಪಾಠವನ್ನು ನಿಜವಾದ ಬರವಣಿಗೆಗೆ ಸಾಮಗ್ರಿಯಾಗಿ ಬಳಸಿದವರು ಇಲ್ಲಿದ್ದರೆ ದಯವಿಟ್ಟು ತಿಳಿಸಿ. ಬೇರೆ ಅವಧಿ ಸಿಗುವುದಿಲ್ಲ. ಇರುವ ಅವಧಿಯಲ್ಲೇ ಆಗಬೇಕು.

ಉತ್ತರ (ಶಿಕ್ಷಕ, ಮಂಡ್ಯ ಜಿಲ್ಲೆ)

ಮೇಡಂ, ರಾಜರ ಪಟ್ಟಿಯನ್ನು ಬದಿಗಿಟ್ಟು ಒಂದೇ ಒಂದು ಶಾಸನದಿಂದ ಆರಂಭಿಸಿ ನೋಡಿ. ನಾನು ಬಳಸುವುದು ನಮ್ಮ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವನ್ನು. ಅದು ಕ್ರಿ.ಶ. 949–50ರದು, ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣ, ಗಂಗರ ಇಮ್ಮಡಿ ಬೂತುಗ, ತಕ್ಕೋಲದ ಯುದ್ಧದಲ್ಲಿ ಸತ್ತ ಚೋಳ ರಾಜಾದಿತ್ಯ ಎಲ್ಲರೂ ಅದರಲ್ಲಿ ಬರುತ್ತಾರೆ. ಆದರೆ ಮಕ್ಕಳಿಗೆ ಹಿಡಿಸುವುದು ಕಾಳಿ ಎಂಬ ಬೇಟೆನಾಯಿ. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನಿಗೆ ಒಡೆಯನು 'ಬೇಕಾದ್ದನ್ನು ಕೇಳು' ಎಂದಾಗ ಅವನು ಊರನ್ನೂ ಕೇಳಲಿಲ್ಲ, ಹೊನ್ನನ್ನೂ ಕೇಳಲಿಲ್ಲ, ಆ ನಾಯಿಯನ್ನು ಕೇಳಿದ. ಮುಂದೆ ಅದನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಸತ್ತವು. ಆತಕೂರಿನ ದೇವಾಲಯದ ಮುಂದೆ ನಾಯಿಗಾಗಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿಯನ್ನೂ ಬಿಟ್ಟರು.

ಇಷ್ಟನ್ನು ಇಂದಿನ ಕನ್ನಡದಲ್ಲಿ ಹತ್ತು ಸಾಲು ಬರೆದುಕೊಡುತ್ತೇನೆ. ಮಕ್ಕಳು ಪುಟವನ್ನು ಎರಡು ಭಾಗ ಮಾಡಿ, ಒಂದು ಕಡೆ ಕಲ್ಲು ಹೇಳುವುದನ್ನು, ಇನ್ನೊಂದು ಕಡೆ ಕಲ್ಲು ಹೇಳದೆ ಬಿಟ್ಟಿರುವುದನ್ನು ಬರೆಯಬೇಕು. ನಾಯಿಯ ಬಣ್ಣ, ಅದರ ವಯಸ್ಸು, ಮಣಲೇರನ ದುಃಖ ಎಲ್ಲವೂ ಎರಡನೆಯ ಕಡೆಗೇ ಹೋಗುತ್ತವೆ. ಆನಂತರ ಒಂದು ಪ್ಯಾರಾ ಬರೆಯಬೇಕು. ಪ್ರತಿ ವಾಕ್ಯಕ್ಕೂ 'ಇದು ನಿನಗೆ ಹೇಗೆ ಗೊತ್ತು?' ಎಂದು ಪಕ್ಕದ ಮಗು ಕೇಳುತ್ತದೆ. ಊಹೆಯನ್ನು ಹೇಳುವ ಸಂಭಾವನಾರ್ಥಕ ಕ್ರಿಯಾರೂಪವನ್ನು ನಾವು 'ಬಂದಾನು, ಹೋದಾನು' ಎಂದು ಬಾಯಿಪಾಠ ಮಾಡಿಸಿ ಮುಗಿಸಿಬಿಡುತ್ತೇವೆ. ಇಲ್ಲಿ 'ಮಣಲೇರನು ಅತ್ತನು' ಎಂದು ಬರೆದ ಮಗುವನ್ನು ಗೆಳೆಯ ತಡೆದು ನಿಲ್ಲಿಸಿದಾಗ, ಅದು 'ನಾಯಿಗೆ ಕಲ್ಲು ನಿಲ್ಲಿಸಿದ್ದರಿಂದ ಅವನಿಗೆ ಬಹಳ ದುಃಖವಾಗಿರಬಹುದು' ಎಂದು ತಿದ್ದಿಕೊಳ್ಳುತ್ತದೆ. ಆಧಾರವನ್ನೂ ಊಹೆಯನ್ನೂ ಒಂದೇ ವಾಕ್ಯದಲ್ಲಿ ಸರಿಯಾಗಿ ಜೋಡಿಸಲು ಕಲಿತ ಮಗುವಿಗೆ ಇತಿಹಾಸದ ಪಾಠ ಯಾವುದು, ಬರವಣಿಗೆಯ ಪಾಠ ಯಾವುದು ಎಂದು ವಿಂಗಡಿಸಿ ಹೇಳಬೇಕಾಗಿಲ್ಲ.

ಉತ್ತರ (ನಿವೃತ್ತ ಮುಖ್ಯ ಶಿಕ್ಷಕ, ಧಾರವಾಡ)

ಮಂಡ್ಯದ ಗುರುಗಳು ಹೇಳಿದ್ದನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಒಂದು ಆತಂಕವಿದೆ. ಆರನೆಯ ತರಗತಿಗೆ ಬಂದರೂ ಒತ್ತಕ್ಷರದಲ್ಲಿ ತಡವರಿಸುವ ಮಕ್ಕಳು ಪ್ರತಿ ಶಾಲೆಯಲ್ಲಿಯೂ ಇರುತ್ತಾರೆ. ಅಂಥ ಮಗು ಬರೆದ ಪ್ಯಾರಾದ ತುಂಬ ಶಿಕ್ಷಕರು ಕೆಂಪು ಶಾಯಿಯಲ್ಲಿ ಕಾಗುಣಿತವನ್ನೇ ತಿದ್ದಿಕೊಟ್ಟರೆ, ಮುಂದಿನ ಸಲ ಅದು ತನಗೆ ಗೊತ್ತಿರುವ ನಾಲ್ಕು ಸುಲಭ ಪದಗಳಲ್ಲೇ ಬರೆದು ಕೈತೊಳೆದುಕೊಳ್ಳುತ್ತದೆ. ಆದ್ದರಿಂದ ಮೊದಲ ಕರಡಿನಲ್ಲಿ ಆಧಾರವನ್ನು ಮಾತ್ರ ನೋಡಿ. ಕಾಗುಣಿತವನ್ನು ಎರಡನೆಯ ಸಲ ಬರೆಯುವಾಗ ನೋಡಿದರಾಯಿತು, ಅದೂ ಶಾಸನದಲ್ಲಿ ಬಂದ ಪದಗಳಿಗೆ ಸೀಮಿತವಾಗಿ.

ಇನ್ನೊಂದು ಮಾತು. 'ನಾನು ಕಾಳಿ, ನನ್ನ ಆತ್ಮಕಥೆ' ಎಂದು ಬರೆಸುವ ಮೋಹ ನಮ್ಮಲ್ಲಿ ಬಹಳ ಜನರಿಗಿದೆ. ಬರೆಸಿ, ಕಲ್ಪನೆ ಬೆಳೆಯುತ್ತದೆ. ಆದರೆ ಅದಕ್ಕೆ ಸಮಾಜ ವಿಜ್ಞಾನದಲ್ಲಿ ಅಂಕ ಕೊಡಬೇಡಿ. ನಾಯಿಯ ಕೊರಳಿಗೆ ಚಿನ್ನದ ಸರಪಳಿ ಹಾಕಿ, ಅರಮನೆಯಲ್ಲಿ ಹಾಲು ಕುಡಿಸಿದ ಮಗು ಚೆನ್ನಾಗಿ ಬರೆದಿರುತ್ತದೆ, ಇತಿಹಾಸವನ್ನಂತೂ ಬರೆದಿರುವುದಿಲ್ಲ.

ಉತ್ತರ (ಶಿಕ್ಷಕಿ, ಬೆಂಗಳೂರು ದಕ್ಷಿಣ)

ಮಕ್ಕಳಿಗೆ ಮೊದಲೇ ಗೊತ್ತಿರುವ ಕಥೆಯೊಂದನ್ನು ಶಾಸನದ ಎದುರಿಗಿಟ್ಟರೂ ಬರವಣಿಗೆ ಚುರುಕಾಗುತ್ತದೆ. ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಿದ್ದರಿಂದ ಬೆಂಗಳೂರಿಗೆ ಆ ಹೆಸರು ಬಂತು ಎಂಬ ಕಥೆ ನಮ್ಮ ಮಕ್ಕಳೆಲ್ಲರಿಗೂ ಬರುತ್ತದೆ. ಆ ಅರಸನ ಆಳ್ವಿಕೆ 12ನೆಯ ಶತಮಾನದ ಕೊನೆಗೆ ಆರಂಭವಾದದ್ದು. ಬೇಗೂರಿನ ನಾಗೇಶ್ವರ ದೇವಾಲಯದ ವೀರಗಲ್ಲಾದರೋ ಸುಮಾರು ಕ್ರಿ.ಶ. 890ರದು, ಅದರಲ್ಲಿ ಆಗಲೇ 'ಬೆಂಗಳೂರು' ಕಾಳಗದ ಪ್ರಸ್ತಾಪವಿದೆ. ಈ ಎರಡನ್ನೂ ಕೊಟ್ಟು, ನಿಮ್ಮ ಅಜ್ಜಿಗೆ ಈ ವಿಷಯವನ್ನು ವಿವರಿಸಿ ಪತ್ರ ಬರೆಯಿರಿ ಎಂದು ಹೇಳುತ್ತೇನೆ. ಅಜ್ಜಿಯ ಮನಸ್ಸು ನೋಯದಂತೆ, ಆದರೆ ಸುಳ್ಳೂ ಹೇಳದಂತೆ ಬರೆಯಬೇಕಾಗುವುದರಿಂದ ಪತ್ರಲೇಖನದ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಸಂದರ್ಭ ನನಗೆ ಸಿಕ್ಕಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ನಮ್ಮೂರಿನ ಕೆರೆ ಏರಿಯ ಮೇಲೆ ಒಂದು ವೀರಗಲ್ಲಿದೆ. ಅಕ್ಷರವೇನೂ ಇಲ್ಲ, ಚಿತ್ರಗಳು ಮಾತ್ರ ಇವೆ. ಊರಿನವರು ಕುಂಕುಮ ಹಚ್ಚಿ ಪೂಜಿಸುತ್ತಾರೆ. ಅದರಿಂದ ಬರೆಸಲು ಸಾಧ್ಯವೇ?

ಉತ್ತರ (ಶಿಕ್ಷಕ, ಮಂಡ್ಯ ಜಿಲ್ಲೆ)

ಅಕ್ಷರವಿಲ್ಲದ ಕಲ್ಲು ಒಂದು ರೀತಿಯಲ್ಲಿ ಇನ್ನೂ ಅನುಕೂಲ, ಏಕೆಂದರೆ ಮಗು ಪೂರ್ತಿಯಾಗಿ ತನ್ನ ಕಣ್ಣನ್ನೇ ನಂಬಬೇಕಾಗುತ್ತದೆ. ಸಾಮಾನ್ಯವಾಗಿ ವೀರಗಲ್ಲಿನಲ್ಲಿ ಮೂರು ಪಟ್ಟಿಕೆಗಳಿರುತ್ತವೆ, ಅವನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು: ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಅವನು ಶಿವಲಿಂಗದ ಸನ್ನಿಧಿಯಲ್ಲಿರುವುದು. ಕೆಳಗಿನ ಪಟ್ಟಿಕೆಯಲ್ಲಿ ದನಗಳಿದ್ದರೆ ಅದು ತುರುಗಾಳಗದ್ದು, ಅಂದರೆ ದನಗಳಿಗಾಗಿ ನಡೆದ ಕಾಳಗದ್ದಾಗಿರಬಹುದು ಎಂಬ ಊಹೆಗೆ ಆಧಾರ ಸಿಗುತ್ತದೆ. ಕಂಡದ್ದನ್ನು ಮೂರು ಪ್ಯಾರಾಗಳಲ್ಲಿ ವರ್ಣಿಸಲಿ, ವಿವರಣೆ ಆಮೇಲೆ. ಊರಿನ ಹಿರಿಯರು ಆ ಕಲ್ಲಿನ ಬಗ್ಗೆ ಹೇಳುವುದನ್ನೂ ಮಕ್ಕಳು ಕೇಳಿ ಬರೆದುಕೊಳ್ಳಲಿ. ಹಿರಿಯರ ಮಾತನ್ನು ಅವರ ಆಡುಮಾತಿನಲ್ಲೇ ಉದ್ಧರಣ ಚಿಹ್ನೆಯೊಳಗೆ ಇಟ್ಟು, ಉಳಿದದ್ದನ್ನು ಬರವಣಿಗೆಯ ಕನ್ನಡದಲ್ಲಿ ಬರೆಸಿದರೆ, ಯಾರ ಮಾತು ಯಾವುದು ಎಂಬುದು ಓದುವವರಿಗೂ ಸ್ಪಷ್ಟವಾಗುತ್ತದೆ.

ಪೂಜೆಯಲ್ಲಿರುವ ಕಲ್ಲಾದ್ದರಿಂದ ಹೋಗುವ ಮುನ್ನ ಪೂಜೆ ಮಾಡುವವರನ್ನೊಮ್ಮೆ ಕೇಳಿಕೊಳ್ಳಿ. ಚಿತ್ರ ಸ್ಪಷ್ಟವಾಗಲೆಂದು ಸೀಮೆಸುಣ್ಣ ಉಜ್ಜುವುದಾಗಲಿ ಎಣ್ಣೆ ಸವರುವುದಾಗಲಿ ಬೇಡ; ಬೆಳಿಗ್ಗೆ ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ಹೋದರೆ ಸವೆದ ಗೆರೆಗಳೂ ಕಾಣುತ್ತವೆ. ಮಕ್ಕಳ ಮೊದಲ ಕರಡು, ತಿದ್ದಿದ ಪ್ರತಿ ಎರಡನ್ನೂ ಕಡತದಲ್ಲಿಡಿ, ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಯಾಗಿ ಎರಡೂ ವಿಷಯಗಳಿಗೆ ತೋರಿಸಬಹುದು.