ಮೆಟ್ರೋ ಸುರಂಗದಲ್ಲಿ ಕಿವಿ ಕಟ್ಟಿಕೊಳ್ಳುತ್ತದೆ, ಇಯರ್‌ಪ್ಲಗ್ ಹಾಕಿದರೂ ಅಷ್ಟೇ

ಕೊನೆಬೋಗಿ:
ದಿನಾ ಹೋಗಲು 40 ನಿಮಿಷ, ಬರಲು 40 ನಿಮಿಷ, ಬಹುಪಾಲು ಸುರಂಗದಲ್ಲೇ ಪ್ರಯಾಣ. ಎರಡು ತಿಂಗಳಿಂದ ಹೊಸ ಕಾಟ ಶುರುವಾಗಿದೆ. ರೈಲು ಸುರಂಗಕ್ಕೆ ನುಗ್ಗಿದ ಕೂಡಲೇ ಕಿವಿ ಗಪ್ ಅಂತ ಕಟ್ಟಿಕೊಳ್ಳುತ್ತದೆ, ಎದುರಿನ ರೈಲು ಹಾದುಹೋದರೆ ಇನ್ನೂ ಜಾಸ್ತಿ. ಇದಲ್ಲದೆ ಒಂದು ತಿರುವಿನಲ್ಲಿ ಗಾಲಿ ಕೀರ್ರ್ ಅಂತ ಎಂಥಾ ಕಿರುಚುತ್ತದೆ ಅಂದರೆ ಹಲ್ಲು ಜುಂ ಅನ್ನುತ್ತದೆ. ಮನೆಗೆ ಬಂದು ಸುಮ್ನೆ ಕೂತರೆ ಎಡಗಿವಿಯಲ್ಲಿ ಗುಂಯ್. ಮೊದಲು ನಾಯ್ಸ್ ಕ್ಯಾನ್ಸಲೇಷನ್ ಇಯರ್‌ಫೋನ್ ಹಾಕುತ್ತಿದ್ದೆ, ಕಿರುಚಾಟ ಹಾಗೇ ಕೇಳಿಸುತ್ತಿತ್ತು. ಒಂದು ವಾರದಿಂದ ಫೋಮ್ ಇಯರ್‌ಪ್ಲಗ್. ಪ್ರಯೋಜನವಿಲ್ಲ, ಕಿವಿ ಕಟ್ಟೋದು ಕಟ್ಟೇ ಕಟ್ಟುತ್ತದೆ. ಬೇರೆ ಒಳ್ಳೆ ಪ್ಲಗ್ ಯಾವುದಾದರೂ ಇದೆಯಾ?

ಗಾಳಿಪಿಚಕಾರಿ:
ಪ್ಲಗ್ ಬದಲಾಯಿಸಬೇಡಿ, ನಿಮಗಿರುವುದು ಎರಡು ಬೇರೆ ಬೇರೆ ತೊಂದರೆ. ಕಟ್ಟಿಕೊಳ್ಳುವುದು ಗಾಳಿಯ ಒತ್ತಡದಿಂದ, ಸದ್ದಿನಿಂದ ಅಲ್ಲ. ಪಿಚಕಾರಿಯ ದಂಡ ನೀರು ತಳ್ಳುತ್ತದಲ್ಲ, ಹಾಗೇ ರೈಲು ಸುರಂಗದ ಗಾಳಿಯನ್ನು ಮುಂದಕ್ಕೆ ತಳ್ಳುತ್ತದೆ. ರೈಲು ಕಣ್ಣಿಗೆ ಬೀಳುವ ಮೊದಲೇ ಪ್ಲಾಟ್‌ಫಾರ್ಮ್‌ನಲ್ಲಿ ಕೂದಲು ಹಾರುತ್ತದೆ ನೋಡಿ, ಅದೇ ಗಾಳಿ. ಮೂಗಿನ ಹಿಂಭಾಗದಿಂದ ನಡುಗಿವಿಗೆ ಒಂದು ಸಣ್ಣ ನಾಳ ಇದೆ, ಯೂಸ್ಟೇಷಿಯನ್ ನಾಳ ಅಂತ. ಅದು ತೆರೆದುಕೊಂಡರೆ ಕಿವಿತಮಟೆಯ ಎರಡೂ ಕಡೆ ಒತ್ತಡ ಸಮ ಆಗುತ್ತದೆ, ಇಲ್ಲದಿದ್ದರೆ ತಮಟೆ ಒಂದು ಕಡೆಗೆ ಜಗ್ಗಿಕೊಳ್ಳುತ್ತದೆ. ಎಂಜಲು ನುಂಗಿ, ಆಕಳಿಸಿ, ಚೂಯಿಂಗ್ ಗಮ್ ಜಗಿಯಿರಿ. ಮೂಗು ಹಿಡಿದು ಊದುವುದಾದರೆ ಬಹಳ ಮೆಲ್ಲಗೆ, ನೆಗಡಿ ಇದ್ದಾಗ ಬೇಡವೇ ಬೇಡ. ಅಂದಹಾಗೆ ಈ ಎರಡು ತಿಂಗಳಲ್ಲಿ ನೆಗಡಿ, ಅಲರ್ಜಿ ಏನಾದರೂ ಇತ್ತಾ? ಮೂಗು ಕಟ್ಟಿದ್ದರೆ ಆ ನಾಳವೂ ಊದಿಕೊಂಡಿರಬಹುದು.

ಕಬ್ಬಿಣಗಾಲಿ:
ಒತ್ತಡದ ಮಾತು ಸರಿ. ಆದರೆ ಸದ್ದನ್ನೂ ಹಗುರವಾಗಿ ತಗೋಬೇಡಿ ಮಾರಾಯ್ರೆ. ಅಮೆರಿಕದ ನಿಯೋಷ್ ಸಂಸ್ಥೆ ಕೆಲಸಗಾರರಿಗೆ ಹಾಕಿಕೊಟ್ಟ ಲೆಕ್ಕ ಇದು: 85 ಡೆಸಿಬೆಲ್ ಸದ್ದಾದರೆ ದಿನಕ್ಕೆ ಹೆಚ್ಚೆಂದರೆ 8 ಗಂಟೆ. ಅಲ್ಲಿಂದ 3 ಡೆಸಿಬೆಲ್ ಏರಿದಂತೆಲ್ಲ ಹೊತ್ತು ಅರ್ಧ. 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1, 100 ಮುಟ್ಟಿದರೆ ಬರೀ 15 ನಿಮಿಷ. ನಿಮ್ಮದು ದಿನಕ್ಕೆ 80 ನಿಮಿಷ, ನೀವೇ ನೋಡಿಕೊಳ್ಳಿ. ಫೋನಿನಲ್ಲಿ ಸದ್ದು ಅಳೆಯುವ ಆಪ್ ಹಾಕಿಕೊಂಡರೆ ಅಂದಾಜು ಸಿಗುತ್ತದೆ, ಪಕ್ಕಾ ಅಂತ ನಂಬಬೇಡಿ.

ಕಿರುಚುವುದು ಯಾಕೆ ಅಂದರೆ, ಸಾಮಾನ್ಯವಾಗಿ ಎರಡು ಗಾಲಿ ಒಂದೇ ಅಚ್ಚಿಗೆ ಬಿಗಿಯಾಗಿರುತ್ತವೆ. ಬಿಗಿ ತಿರುವಿನಲ್ಲಿ ಅವು ಹಳಿಯ ಮೇಲೆ ಅಡ್ಡಕ್ಕೆ ಜಾರುತ್ತವೆ, ಹಿಡಿಯುತ್ತವೆ, ಮತ್ತೆ ಜಾರುತ್ತವೆ. ಬೋರ್ಡಿನ ಮೇಲೆ ಸೀಮೆಸುಣ್ಣ ಕಿರ್ ಅನ್ನುವ ಹಾಗೆ. ಅದು ಎತ್ತರದ ಸ್ವರ. ನಾಯ್ಸ್ ಕ್ಯಾನ್ಸಲೇಷನ್ ಚೆನ್ನಾಗಿ ತಡೆಯುವುದು ಗುಡುಗುಡು ಅನ್ನುವ ತಗ್ಗಿನ ಸದ್ದನ್ನು, ಹಾಗಾಗಿ ನಿಮಗೆ ಕಿರುಚಾಟ ಹಾಗೇ ಕೇಳಿಸಿದ್ದು. ಎತ್ತರದ ಸ್ವರಕ್ಕೆ ಫೋಮ್ ಪ್ಲಗ್ಗೇ ಸರಿ. ಗಾಲಿಗಳು ಬೋಗಿಯ ಎರಡು ತುದಿ ಹತ್ತಿರ ಇರುತ್ತವೆ, ಅದಕ್ಕೇ ಬೋಗಿಯ ನಡುವೆ ಕೂತು ನೋಡಿ. ನಾನಂತೂ ಬಾಗಿಲ ಹತ್ತಿರದ ಸೀಟಿನ ಆಸೆ ಬಿಟ್ಟು ವರ್ಷಗಳಾದವು.

ಕೊನೆಬೋಗಿ:
ನೆಗಡಿ ಇತ್ತು, ಹೋಗಿ ಬಹಳ ದಿನ ಆಯಿತು. ಮೂಗು ಮಾತ್ರ ಬೆಳಿಗ್ಗೆ ಕಟ್ಟಿರುತ್ತದೆ. ಪ್ಲಗ್ ಪ್ಯಾಕೆಟ್ ಮೇಲೆ ಎನ್‌ಆರ್‌ಆರ್ (ಸದ್ದು ಎಷ್ಟು ತಗ್ಗಿಸುತ್ತದೆ ಅನ್ನುವ ಅಂಕಿ) 33 ಅಂತಿದೆ, ಹಾಗಾದರೆ 33 ಡೆಸಿಬೆಲ್ ಕಡಿಮೆ ಆಗಬೇಕಲ್ವಾ? ನನಗೆ ಹತ್ತೂ ಕಡಿಮೆ ಆದಂತಿಲ್ಲ.

ಹತ್ತಿಮೂಟೆ:
ಆ 33 ಲ್ಯಾಬಿನದು. ಜಾಗ್ರತೆಯ ಲೆಕ್ಕ ಬೇಕಾದರೆ ಅದರಲ್ಲಿ 7 ಕಳೆದು ಅರ್ಧ ಮಾಡಿ, 13 ಬರುತ್ತದೆ. ಅದೂ ಸರಿಯಾಗಿ ಹಾಕಿದರೆ. ಹೇಗೆ ಹಾಕುತ್ತಿದ್ದೀರಿ? ಹಾಗೇ ತುರುಕಿದರೆ ಅದು ಬಾಗಿಲಲ್ಲೇ ನಿಲ್ಲುತ್ತದೆ. ಕೈ ತೊಳೆದು, ಪ್ಲಗ್ಗನ್ನು ಬೆರಳುಗಳ ನಡುವೆ ಹೊಸೆದು ಬತ್ತಿಯ ಹಾಗೆ ಸಣ್ಣ ಮಾಡಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ದಾರಿ ನೇರವಾಗುತ್ತದೆ, ಆಗ ಒಳಗೆ ಹಾಕಿ ಅರ್ಧ ನಿಮಿಷ ಬೆರಳು ಒತ್ತಿ ಹಿಡಿಯಿರಿ, ಅದು ಮೆಲ್ಲಗೆ ಉಬ್ಬುತ್ತದೆ. ಕನ್ನಡಿಯಲ್ಲಿ ನೇರ ನೋಡಿದಾಗ ಪ್ಲಗ್ ಕಿವಿಯಿಂದ ಆಚೆ ಚಾಚಿ ಕಂಡರೆ ಸರಿಯಾಗಿ ಕೂತಿಲ್ಲ ಅಂತಲೇ. ತೆಗೆಯುವಾಗ ಸರಕ್ ಅಂತ ಕೀಳಬೇಡಿ, ತಿರುಗಿಸುತ್ತಾ ತೆಗೆಯಿರಿ.

ಇನ್ನೊಂದು ಮಾತು, ನಾನು ಕೈಸುಟ್ಟುಕೊಂಡೇ ಕಲಿತದ್ದು. ಒಂದು ಕಾಲದಲ್ಲಿ ಆಫೀಸು, ಅಂಗಡಿ, ಮನೆ ಅಂತ ಎಲ್ಲ ಕಡೆ ಪ್ಲಗ್ ಹಾಕಿಕೊಂಡೇ ಇರುತ್ತಿದ್ದೆ. ಕೊನೆಗೆ ಚಮಚ ತಟ್ಟೆಗೆ ತಾಗಿದರೂ ಬೆಚ್ಚಿಬೀಳುವ ಸ್ಥಿತಿ ಬಂತು. ಸದಾ ಮೌನದಲ್ಲಿಟ್ಟರೆ ಕಿವಿ ಇನ್ನಷ್ಟು ಸೂಕ್ಷ್ಮ ಆಗಬಹುದು ಅಂತ ಡಾಕ್ಟರ್ ಹೇಳಿದ ಮೇಲೆ ಮೆಟ್ರೋಗಷ್ಟೇ ಇಟ್ಟುಕೊಂಡೆ. ಮತ್ತೆ, ಗುಂಯ್ ಒಂದೇ ಕಿವಿಯಲ್ಲಿ ಎರಡು ತಿಂಗಳು ಅಂದರೆ ಇಎನ್‌ಟಿ ಡಾಕ್ಟರ್‌ಗೆ ತೋರಿಸಿ. ಒಂದು ಕಿವಿ ಏಕಾಏಕಿ ಕೇಳಿಸದೇ ಹೋದರೆ ಅದೇ ದಿನ ಓಡಿ, ಅಲ್ಲಿ ಒಂದೊಂದು ದಿನವೂ ಲೆಕ್ಕಕ್ಕೆ ಬರುತ್ತದೆ.

ಗಾಳಿಪಿಚಕಾರಿ:
ಇಯರ್‌ಫೋನ್ ಹಾಕುತ್ತಿದ್ದಾಗ ವಾಲ್ಯೂಮ್ ಎಷ್ಟಿತ್ತು ಅಂತ ನೀವು ಹೇಳಲೇ ಇಲ್ಲ!

ಕೊನೆಬೋಗಿ:
ಸಿಕ್ಕಿಹಾಕಿಕೊಂಡೆ. ರೈಲಿನ ಸದ್ದಿನ ಮೇಲೆ ಹಾಡು ಕೇಳಬೇಕು ಅಂತ ಪೂರ್ತಿ ಏರಿಸುತ್ತಿದ್ದೆ.

ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಪ್ಲಗ್ಗನ್ನು ಇಷ್ಟು ದಿನ ನಾನು ಕಿವಿಯ ಹೊಸ್ತಿಲಲ್ಲೇ ನಿಲ್ಲಿಸಿದ್ದೆ. ಹೊಸೆದು ಹಾಕಿದ ಮೊದಲ ದಿನ ಆ ತಿರುವು ಬಂದು ಹೋದದ್ದೇ ಗೊತ್ತಾಗಲಿಲ್ಲ, ಜೊತೆಗೆ ನನ್ನ ನಿಲ್ದಾಣದ ಅನೌನ್ಸ್‌ಮೆಂಟೂ ಗೊತ್ತಾಗದೆ ಒಂದು ನಿಲ್ದಾಣ ಮುಂದೆ ಹೋಗಿ ಇಳಿದೆ. ಕಿವಿ ಈಗಲೂ ಕಟ್ಟುತ್ತದೆ, ನುಂಗಿದರೆ ಪಟಕ್ ಅಂತ ಬಿಡುತ್ತದೆ. ಡಾಕ್ಟರ್ ಹತ್ತಿರವೂ ಹೋಗಿದ್ದೆ. ಎಡಗಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೂತಿತ್ತಂತೆ, ನಾನು ತುರುಕುತ್ತಿದ್ದ ಪ್ಲಗ್ ಅದನ್ನು ಇನ್ನಷ್ಟು ಒಳಗೆ ದಬ್ಬಿತ್ತು. ತೆಗೆದರು. ಗುಂಯ್ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಮುಂದಿನ ವಾರ ಶ್ರವಣ ಪರೀಕ್ಷೆ ಇದೆ.