ಮಕ್ಕಳಿಗೆ ಇತಿಹಾಸ ಎಲ್ಲಿಂದ ಶುರು ಮಾಡಲಿ? ನಾಯಿಯ ಕಲ್ಲಿನಿಂದ ಮಾಡಬಹುದಾ?

ಮದ್ದೂರಿನ ಮಗಳು:
ನಮಸ್ಕಾರ. ಎರಡು ವರ್ಷದಿಂದ ಮಗಳಿಗೂ (11) ಮಗನಿಗೂ (8) ಮನೆಯಲ್ಲೇ ಪಾಠ. ಗಣಿತ, ಕನ್ನಡ ಹೇಗೋ ನಡೆಯುತ್ತಿದೆ. ಇತಿಹಾಸ ಅಂದರೆ ಮಾತ್ರ ನನಗೇ ಭಯ. ನಾನು ಓದುವಾಗ ಅದು ಬರೀ ಇಸವಿಗಳ ಬಾಯಿಪಾಠ. ಪರೀಕ್ಷೆ ಮುಗಿದ ಸಂಜೆಗೇ ಮರೆತುಹೋಗುತ್ತಿತ್ತು.

ಹೋದ ತಿಂಗಳು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂಗೆ ಹೋಗಿದ್ದೆವು. ಒಂದು ಕಲ್ಲಿನ ಮುಂದೆ ನಿಂತ ಮಗ ಅಲ್ಲಾಡಲೇ ಇಲ್ಲ. "ಅಮ್ಮಾ, ನಾಯಿ ಹಂದಿ ಜೊತೆ ಕಾದಾಡ್ತಿದೆ!" ಅದು ಆತಕೂರಿನ ಶಾಸನ, ಕ್ರಿ.ಶ. 949-50ರದ್ದು. ನನ್ನ ತವರು ಮದ್ದೂರು. ಆತಕೂರು ನಮ್ಮ ತಾಲ್ಲೂಕಿನ ಊರೇ. ಆದರೂ ಈ ಕಲ್ಲಿನ ವಿಷಯ ನನಗೆ ಯಾರೂ ಹೇಳಿರಲಿಲ್ಲ.

ಮನೆಗೆ ಬಂದು ಮೂವರೂ ಹುಡುಕಿ ಓದಿದೆವು. ಈಗಿನ ತಮಿಳುನಾಡಿನ ತಕ್ಕೋಲದ ಯುದ್ಧದಲ್ಲಿ ಗಂಗರ ರಾಜ ಬೂತುಗ ರಾಷ್ಟ್ರಕೂಟ ಮೂರನೇ ಕೃಷ್ಣನ ಕಡೆ ನಿಂತು ಚೋಳ ರಾಜಾದಿತ್ಯನನ್ನು ಕೊಂದನಂತೆ. ಬೂತುಗನ ಕಡೆಯ ಮಣಲೆರನ ಶೌರ್ಯಕ್ಕೆ ಮೆಚ್ಚಿ ಏನು ಬೇಕೋ ಕೇಳು ಅಂದರೆ, ಅವನು ಕೇಳಿದ್ದು ಕಾಳಿ ಅನ್ನುವ ನಾಯಿಯನ್ನು! ಆಮೇಲೆ ಒಂದು ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ಎರಡೂ ಸತ್ತವು. ಕಾಳಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಉಂಡರೆ ಗೊರವನಿಗೆ (ಅಲ್ಲಿನ ಶೈವ ಪೂಜಾರಿಗೆ) ಪಾಪ ಅಂತಲೂ ಬರೆಸಿದ್ದಾರೆ. ಆ ಸಾಲು ಓದುವಾಗ ನನ್ನ ಕಣ್ಣು ತುಂಬಿತು.

ಈಗ ಗೊಂದಲ ಇದು. ಸಿಂಧೂ ಕಣಿವೆಯಿಂದ ಕ್ರಮವಾಗಿ ಬರಬೇಕಾ? ಇಲ್ಲ, ಕಾಳಿಯನ್ನೇ ಹಿಡಿದು ಹೊರಡಬಹುದಾ?

ಹಳೆಯ ಕನ್ನಡ ಮೇಷ್ಟ್ರು, ಮೈಸೂರು:
ಕಾಳಿಯನ್ನೇ ಹಿಡಿದು ಹೊರಡಿ, ತಾಯಿ. ನಲವತ್ತು ಮಕ್ಕಳ ತರಗತಿಯಲ್ಲಿ ನನಗೆ ಈ ಅವಕಾಶ ಇರಲಿಲ್ಲ.

ಒಂದು ಮಾತು. ರಾಜಾದಿತ್ಯನ ಸಾವನ್ನು ಒಂದೇ ಕಡೆಯಿಂದ ಹೇಳಬೇಡಿ. ಚೋಳರ ಲೈಡನ್ ತಾಮ್ರಶಾಸನದಲ್ಲಿ ಅವನು ಆನೆಯ ಮೇಲೆ ಕೂತು ಹೋರಾಡಿ, ಎದೆಗೆ ಬಾಣ ತಗುಲಿ ವೀರಸ್ವರ್ಗಕ್ಕೆ ಹೋದ ಶೂರ. ಗೆದ್ದವರ ಕಲ್ಲು, ಸೋತವರ ತಾಮ್ರಪಟ, ಎರಡನ್ನೂ ಮಗಳ ಮುಂದಿಡಿ. ಹನ್ನೊಂದು ವರ್ಷದವಳು ಖಂಡಿತ ಜಗಳಕ್ಕೆ ಬರುತ್ತಾಳೆ. ಬರಲಿ.

ಮುಂದಿನ ಸಲ ಬೆಂಗಳೂರಿನ ಬೇಗೂರಿಗೆ ಹೋಗಿ. ಅಲ್ಲಿನ ನಾಗೇಶ್ವರ ಗುಡಿಯಲ್ಲಿ ಸುಮಾರು ಕ್ರಿ.ಶ. 890ರ ಶಾಸನವಿದೆ. ಬೆಂಗಳೂರಿನ ಕಾಳಗದಲ್ಲಿ ಸತ್ತವನ ನೆನಪಿನದು. ಊರಿನ ಹೆಸರು ಆಗಲೇ ಇತ್ತು ಅನ್ನುವುದು ಮಕ್ಕಳಿಗೆ ಅಲ್ಲೇ ಗೊತ್ತಾಗುತ್ತದೆ.

ಹುಬ್ಬಳ್ಳಿ ಅಪ್ಪ:
ಅಕ್ಕಾ, ಕ್ರಮದ ಚಿಂತೆಗೆ ನಮ್ಮ ಮನೆಯಲ್ಲಿ ಹಗ್ಗ ಇದೆ. ಒಂದು ವರ್ಷಕ್ಕೆ ಒಂದು ಸೆಂಟಿಮೀಟರ್. ಏನೇ ಹೊಸದು ಓದಿದರೂ ಆ ಜಾಗದಲ್ಲಿ ಚೀಟಿ ಕಟ್ಟುತ್ತೇವೆ. ಯಾವುದು ಮೊದಲು, ಯಾವುದು ಆಮೇಲೆ ಅಂತ ಮಕ್ಕಳೇ ನೋಡಿ ಹೇಳುತ್ತಾರೆ. ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲೆ) ಹತ್ತನೇ ತರಗತಿ ಪರೀಕ್ಷೆಗೆ 14 ವರ್ಷ ತುಂಬಿರಬೇಕು. ನಿಮಗೆ ಇನ್ನೂ ಟೈಮ್ ಜಾಸ್ತಿ ಇದೆ, ಅಲ್ವಾ?

ಮದ್ದೂರಿನ ಮಗಳು:
ಮೇಷ್ಟ್ರೇ, ಅಣ್ಣಾ, ತುಂಬಾ ಥ್ಯಾಂಕ್ಸ್. ನಿನ್ನೆ ಹಗ್ಗ ಹಾಕಿದೆವು. ಅಡುಗೆಮನೆಯನ್ನು ಈ ವರ್ಷ ಅಂತ ಇಟ್ಟುಕೊಂಡು ಅಲ್ಲಿಂದ ಹಿಂದಕ್ಕೆ ಶುರು ಮಾಡಿದರೆ ಕಾಳಿ ಸುಮಾರು 11 ಮೀಟರ್ ದೂರ, ತುಳಸಿಕಟ್ಟೆ ಹತ್ತಿರ. ಮಸ್ಕಿಯ ಅಶೋಕನ ಶಾಸನಕ್ಕೆ ಸುಮಾರು 23 ಮೀಟರ್ ಬೇಕಾಯಿತು, ಗೇಟ್ ದಾಟಿ ಬೀದಿಗೇ ಹೋಯಿತು. ಮಗ ಅಲ್ಲಿ ಇಟ್ಟಿಗೆ ಇಟ್ಟು ಬಂದಿದ್ದಾನೆ.

ಮಗಳು ರಾಜಾದಿತ್ಯನ ಪಕ್ಷ ಹಿಡಿದಿದ್ದಾಳೆ. ರಾತ್ರಿ ಊಟಕ್ಕೆ ಕೂತಾಗಲೂ ಅದೇ ವಾದ.

ಭಾನುವಾರ ಆತಕೂರಿಗೆ ಹೊರಟಿದ್ದೇವೆ. ಕಲ್ಲು ಅಲ್ಲಿಲ್ಲದಿದ್ದರೂ ಅದು ನಿಂತಿದ್ದ ಊರು ನೋಡಬೇಕಂತೆ. ನಮ್ಮಮ್ಮನೂ ಬರುತ್ತಾರೆ. ಅರವತ್ತೆಂಟು ವರ್ಷ ಅದೇ ತಾಲ್ಲೂಕಿನಲ್ಲಿದ್ದವರು, ಕಾಳಿಯ ಕಥೆ ಮೊನ್ನೆ ಮೊಮ್ಮಗನ ಬಾಯಲ್ಲಿ ಕೇಳಿದರು.